ಗರಡಿಯೊಳಗೆ ಬಿಡಾರ

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಪಟ್ಟುಕೊಂಡೂ ಹೇಳುತ್ತಿಲ್ಲ. ಇದ್ದದ್ದೇ ಹಾಗೆ. ಮಧುಗಿರಿ ಬೆಟ್ಟದ ಬುಡದ ಹಳೆಯ ಬೀದಿಯಲ್ಲಿ ಮುತ್ತಾತನ ಕಾಲದಿಂದ ನಮ್ಮದೊಂದು ಗರಡಿಮನೆ ಇತ್ತು. ಅದರ ಬೆನ್ನಿಗೆ ಅಂಟಿಕೊಂಡು ನಾವು ವಾಸವಿದ್ದ ಮನೆ. ಅಪ್ಪ ಆ ಗರಡಿಯ ಉಸ್ತಾದ್. ಕುಸ್ತಿ ಕಲಿಸುವವರನ್ನು ನಮ್ಮ ಕಡೆ ಹಾಗೇ ಕರೆಯುವುದು. ಮಿಡಿಗೇಶಿ, ಕೊರಟಗೆರೆ, ಪಾವಗಡದ ಕಡೆಯಿಂದೆಲ್ಲ ಕುರಿ ಕಾಯುವವರ ಮಕ್ಕಳು, ಹೊಲ ಉಳುವವರ ಮಕ್ಕಳು ಅಪ್ಪನ ಹತ್ತಿರ ಪಟ್ಟು ಕಲಿಯಲು ಬರುತ್ತಿದ್ದರು. ತಪ್ಪು ಪಟ್ಟು ಹಾಕಿದವನ ಬೆನ್ನ ಮೇಲೆ ಹುಣಸೆ ಬರಲು ಮುರಿಯುತ್ತಿತ್ತು. ಊಟಕ್ಕೆ ಕೂತಾಗ ಅನ್ನ ಚೆಲ್ಲಿದರೆ ನಮಗೂ ಅದೇ ಬರಲು.

ಗರಡಿಯ ಗೋಡೆ ಎರಡು ಮೊಳ ದಪ್ಪ, ಮೇಲೆ ಕಲ್ಲು ಚಪ್ಪಡಿ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ನಡುವೆ ಮೊಣಕಾಲುದ್ದದ ಕುಣಿ, ಅದರ ತುಂಬ ಜರಡಿ ಹಿಡಿದ ಕೆಮ್ಮಣ್ಣು. ಆ ಮಣ್ಣಿಗೆ ಮಟ್ಟಿ ಎನ್ನುತ್ತಾರೆ. ಕುಸ್ತಿ ನಡೆಯುವುದು ಅದರ ಮೇಲೆಯೇ. ಮಟ್ಟಿ ಹದವಾಗಲು ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೀಳಬೇಕು. ಅದನ್ನೆಲ್ಲ ಕಡೆದು, ಕುಟ್ಟಿ, ಹಿಂಡಿ ಕೊಡುತ್ತಿದ್ದವರು ಅಮ್ಮ ಮತ್ತು ನಾನು. ಆದರೆ ಹೆಂಗಸರು ಒಳಗೆ ಕಾಲಿಡುವಂತಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಗರಡಿಯ ಕಡೆಗೆ ಒಂದು ಕಿಂಡಿ ಇತ್ತು. ಚೊಂಬನ್ನು ಅದರಲ್ಲಿ ಇಟ್ಟರೆ ಆಚೆಯಿಂದ ಒಂದು ಕೈ ಬಂದು ತೆಗೆದುಕೊಳ್ಳುತ್ತಿತ್ತು. ಹೆಣ್ಣಿನ ಕಾಲು ಬಿದ್ದ ಮಟ್ಟಿಯಲ್ಲಿ ಯಾವ ಗಂಡಸೂ ನಿಲ್ಲಬಾರದು, ಆ ಮಣ್ಣನ್ನೆಲ್ಲ ಎತ್ತಿ ಹೊರಗೆ ಹಾಕಬೇಕು ಎಂಬುದು ಗರಡಿಯ ಕಟ್ಟು. ನನ್ನ ಮಜ್ಜಿಗೆಗಿಲ್ಲದ ಮೈಲಿಗೆ ನನ್ನ ಕಾಲಿಗೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಉತ್ತರಕ್ಕೆ ಬದಲು ಕಪಾಳಕ್ಕೆ ಬಿತ್ತು.

ಎಪ್ಪತ್ತರ ದಶಕದ ನಡುವೆ ನನ್ನನ್ನು ಸಿರಾಕ್ಕೆ ಕೊಟ್ಟರು. ಗಂಡನಿಗೆ ಹೈವೇ ಪಕ್ಕದಲ್ಲಿ ಲಾರಿ ರಿಪೇರಿ ಶೆಡ್ಡು. ನೋಡಲು ಲಕ್ಷಣವಾಗಿದ್ದ, ಮಾತೂ ಮೆತ್ತಗೆ. ಮದುವೆಯಾದ ತಿಂಗಳೊಳಗೆ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಬಿಸಿ ಸಾರಿನ ಪಾತ್ರೆಯನ್ನೇ ನನ್ನ ಮೇಲೆ ಎಸೆದ. ಆಮೇಲೆ ಅವನಿಗೆ ಕಾರಣವೂ ಬೇಕಾಗುತ್ತಿರಲಿಲ್ಲ. ಶೆಡ್ಡಿನಲ್ಲಿ ಬೋಲ್ಟು ಬಿಚ್ಚಿಕೊಳ್ಳದಿದ್ದರೂ ಬೋಲ್ಟು ಬಿಗಿಯುವ ಕಬ್ಬಿಣದ ಪಾನಾ ಹಿಡಿದ ಕೈಯಲ್ಲೇ ಮನೆಗೆ ಬರುತ್ತಿದ್ದ. ನನ್ನ ಎಡಗಿವಿ ಇವತ್ತಿಗೂ ಮಂದ. ಒಮ್ಮೆ ತುಂಬಿದ ಬಸುರಿಯ ಹೊಟ್ಟೆಗೆ ಒದ್ದ. ಆ ಸಂಜೆ ಆದದ್ದನ್ನು ನಾನು ಬರೆಯುವುದಿಲ್ಲ. ಅವನ ವಂಶ ಹಾಳಾಗಲಿ ಎಂದು ಶಪಿಸಲಿಕ್ಕೂ ಆಗಲಿಲ್ಲ, ಹೋದದ್ದು ಅವನ ವಂಶವೇ, ನನ್ನದೂ ಅದೇ.

ತವರಿಗೆ ಓಡಿ ಬಂದಾಗಲೆಲ್ಲ ಅಪ್ಪ ಊಟ ಹಾಕಿಸಿ, ಹೊಸ ಸೀರೆ ಉಡಿಸಿ, ತಾನೇ ಬಸ್ಸು ಹತ್ತಿಸಿ ವಾಪಸು ಕಳಿಸುತ್ತಿದ್ದ. ಅವನಿಗೆ ಎಲ್ಲದಕ್ಕೂ ಒಂದೇ ನ್ಯಾಯ.

"ಗಾಯ ಆಗ್ಲಿ, ಮೂಳೆ ಮುರೀಲಿ. ಮಟ್ಟಿ ಬುಟ್ಟು ಈಚೆಗೆ ಕಾಲಿಟ್ಟೋನು ಸೋತಂಗೆ ಕಣಮ್ಮ. ನೀನು ಪೈಲ್ವಾನನ ಮಗಳು. ಓಡಿ ಬರಬ್ಯಾಡ."

"ಅವನ ಕೈಲಿ ಪಾನಾ ಇರ್ತದಲ್ಲಪ್ಪ, ನಿನ್ನ ಮಟ್ಟೀಲಿ ಪಾನಾ ಹಿಡ್ಕಂಡು ಕುಸ್ತಿ ಆಡ್ತಾರಾ?" ಎಂದು ಬಸ್ ಸ್ಟ್ಯಾಂಡಿನಲ್ಲೇ ಕಿರುಚಿದ್ದೆ. ಜನ ತಿರುಗಿ ನೋಡಿದರು. ಅಪ್ಪ ಮುಖ ಆಚೆ ಮಾಡಿಕೊಂಡು ಟಿಕೆಟ್ಟು ತೆಗೆಸಿದ.

ಎಂಬತ್ತರ ಮೊದಲ ವರ್ಷಗಳಲ್ಲಿ ಒಂದು ದಿನ, ಕಣ್ಣು ಊದಿಕೊಂಡು ಮುಚ್ಚಿಹೋಗಿದ್ದ ಸ್ಥಿತಿಯಲ್ಲಿ ಮತ್ತೆ ಬಂದೆ. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. ಈ ಸಲ ಅಪ್ಪ ಬಸ್ಸಿನ ಮಾತೆತ್ತುವ ಮೊದಲೇ ನನ್ನ ತಮ್ಮ ಅಡ್ಡ ನಿಂತ. ತುಮಕೂರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಒಬ್ಬ ಕಂಟ್ರಾಕ್ಟರ್ ಹತ್ತಿರ ನಕ್ಷೆ ಬರೆಯುವ ಕೆಲಸಕ್ಕಿದ್ದ. ಸಣಕಲ. ಚಿಕ್ಕವನಿದ್ದಾಗ ಅಪ್ಪ ಅವನನ್ನೂ ಮಟ್ಟಿಗಿಳಿಸಿ ಹಣ್ಣುಗಾಯಿ ಮಾಡಿದ್ದ. ಅವನ ಮನಸ್ಸೆಲ್ಲ ಸ್ಕೇಲು ಪೆನ್ಸಿಲಿನ ಮೇಲೆಯೇ.

"ಅಕ್ಕ ಇಲ್ಲೇ ಇರ್ತಾಳೆ. ಅವಳ ಅನ್ನ ಅವಳು ದುಡ್ಕಂತಾಳೆ," ಎಂದ.

"ಎಂಗೆ ದುಡೀತಾಳ್ಲಾ?"

ಅದಕ್ಕೆ ಅವನ ಹತ್ತಿರ ಉತ್ತರ ತಯಾರಿತ್ತು. ಆ ವರ್ಷಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಸಂಸಾರ ಸಮೇತ ಜನ ನಮ್ಮ ಬೆಟ್ಟ ಹತ್ತಲು ಬರುತ್ತಿದ್ದರು. ಉಳಿಯಲು ಜಾಗ ಮಾತ್ರ ಇಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜು ಕುಡುಕರ ಸಂತೆ, ಮರ್ಯಾದಸ್ಥ ಹೆಂಗಸು ಅದರ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವರು ಹುಣಸೆಮರದ ಕೆಳಗೆ ಕಲ್ಲು ಹೂಡಿ ಅನ್ನ ಬೇಯಿಸಿಕೊಂಡು, ಮಕ್ಕಳನ್ನು ಬೇಲಿ ಮರೆಗೆ ಕರೆದುಕೊಂಡು ಹೋಗಿ, ಸಂಜೆ ಬಸ್ಸಿಗೆ ವಾಪಸು ಹೋಗುತ್ತಿದ್ದರು. ಗರಡಿಯನ್ನು ಮೂರು ಪೋರ್ಷನ್ ಮಾಡೋಣ, ಒಂದೊಂದಕ್ಕೂ ಅಡುಗೆಮನೆ, ಬಚ್ಚಲು ಇರಲಿ, ರಜೆಗೆ ಬಂದವರು ನಾಲ್ಕು ದಿನ ಸ್ವಂತ ಮನೆಯ ಹಾಗೆ ಇದ್ದು ಹೋಗಲಿ, ಅಕ್ಕ ನೋಡಿಕೊಳ್ಳಲಿ ಎಂಬುದು ಅವನ ಲೆಕ್ಕ.

ಅವನು ಬರೆದ ನಕ್ಷೆ ಈಗಲೂ ನನ್ನ ಕಣ್ಣಮುಂದಿದೆ. ಒಂದು ಗೋಡೆಯನ್ನೂ ಕೆಡವಿರಲಿಲ್ಲ. "ಗೋಡೆ ಒಡೀಬಾರ್ದಕ್ಕ, ಗೋಡೆಗೆ ಕಣ್ಣು ಕೊಡ್ಬೇಕು," ಎನ್ನುತ್ತಿದ್ದ. ಮಲಗಿದಲ್ಲಿಂದಲೇ ಬೆಟ್ಟ ಕಾಣುವ ಕಡೆ ಕಿಟಕಿ. ಗದೆಗಳನ್ನು ನಿಲ್ಲಿಸುತ್ತಿದ್ದ ಗೂಡುಗಳು ಹಾಗೇ ಇರುತ್ತವೆ, ಅಲ್ಲಿ ಪಾತ್ರೆ ಪಡಗ. ನಡುವಿನ ಕುಣಿಯನ್ನು ಮುಚ್ಚುವುದಿಲ್ಲ. ಮಣ್ಣು ತೆಗೆದು ಕಲ್ಲು ಹಾಸಿ, ಮೇಲಿನ ಚಪ್ಪಡಿ ಸರಿಸಿ ಬೆಳಕು ಬಿಟ್ಟರೆ ಮೂರು ಪೋರ್ಷನ್ನಿಗೂ ಅದೇ ಅಂಗಳ. ಗೋಡೆಯಲ್ಲಿ ಕೆತ್ತಿದ ಗರಡಿಯ ಆಂಜನೇಯ ಅಲ್ಲೇ ಇರುತ್ತಾನೆ. ಗಿಡ್ಡ ಬಾಗಿಲೂ ಗಿಡ್ಡವಾಗೇ ಇರುತ್ತದೆ. ಕಾಗದ ನೋಡಿ ನನಗೆ ಅಳುವೇ ಬಂದಿತ್ತು. ಇಷ್ಟು ವರ್ಷ ಕಿಂಡಿಯಿಂದ ಮಾತ್ರ ನೋಡಿದ್ದ ಜಾಗ, ಅಷ್ಟು ಚೆನ್ನಾಗಿದೆಯೆಂದು ಗೊತ್ತೇ ಇರಲಿಲ್ಲ.

ಗರಡಿಗೆ ಆಗ ಬರುತ್ತಿದ್ದವರು ಬೆರಳೆಣಿಕೆ ಮಂದಿ. ಹುಡುಗರೆಲ್ಲ ಸಿನಿಮಾ ಟೆಂಟಿನ ಪಾಲಾಗಿದ್ದರು. ಅಪ್ಪನಿಗೂ ಮಂಡಿ ಹಿಡಿದಿತ್ತು. ಆದರೂ ಅವನ ಹಿರಿಯ ಶಿಷ್ಯನೊಬ್ಬ ಉಳಿದಿದ್ದ. ಮಿಡಿಗೇಶಿ ಕಡೆಯ ಕುರಿಗಾಹಿಗಳ ಮನೆಯವನು, ಊರಲ್ಲಿ ಸೌದೆ ಡಿಪೋ ಇಟ್ಟಿದ್ದ. ಆಳು ಬಾಗಿಲು ತುಂಬುವಷ್ಟು ದಪ್ಪ. ಅಪ್ಪನ ಬಟ್ಟೆ ಒಗೆಯುತ್ತಿದ್ದ, ಮೈಗೆ ಎಣ್ಣೆ ತಿಕ್ಕುತ್ತಿದ್ದ, ದಿನವೂ ಮಟ್ಟಿಗೆ ಮೂರು ಸಲ ಹಣೆ ಮುಟ್ಟಿಸಿ ಕೈಮುಗಿಯುತ್ತಿದ್ದ. ವಿಷಯ ಕಿವಿಗೆ ಬಿದ್ದದ್ದೇ ತಡ, ನಮ್ಮ ಮನೆಗೆ ನುಗ್ಗಿ ತಮ್ಮನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ನಕ್ಷೆಯನ್ನು ಚೂರುಚೂರು ಮಾಡಿದ.

"ಮಟ್ಟೀಲಿ ಹೆಂಗಸ್ರು ಮಕ್ಕಳ ಉಚ್ಚೆ ತೊಳೆಯೋ ಹಂಗೆ ಮಾಡ್ತೀಯೇನ್ಲಾ? ನಿನ್ನ ಕೈ ಮುರೀತೀನಿ!"

ನಾನು ಒಲೆಯಿಂದ ಉರಿಯುವ ಕೊಳ್ಳಿ ಎಳೆದು ಅವನ ತೋಳಿಗೆ ಇಟ್ಟೆ. ಚರ್ಮ ಸುಟ್ಟ ವಾಸನೆ ಬಂತು. ಆಗ ಬಿಟ್ಟ. ನನ್ನ ಕಡೆ ತಿರುಗಿಯೂ ನೋಡದೆ, ಅಪ್ಪನ ಕಾಲು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅಯ್ಯೋ ಅನಿಸಿದ್ದೂ ನಿಜ.

ಅಪ್ಪ ಶಿಷ್ಯನ ರಟ್ಟೆ ಹಿಡಿದು ಎಬ್ಬಿಸಿ ಹೇಳಿದ: "ಮಾತಲ್ಲಿ ತೀರಂಗಿಲ್ಲ. ಮಟ್ಟೀಲಿ ತೀರ್ಲಿ."

ಅಂದರೆ ತಮ್ಮ, ಶಿಷ್ಯ ಇಬ್ಬರೂ ಮಟ್ಟಿಗಿಳಿಯುವುದು. ಆಂಜನೇಯನ ಮುಂದೆ ಒಂದು ಊದಿನಕಡ್ಡಿ ಹಚ್ಚುವುದು. ಅದು ಉರಿದು ಮುಗಿಯುವವರೆಗೆ ನನ್ನ ತಮ್ಮ ಬೆನ್ನು ನೆಲಕ್ಕೆ ತಾಗಿಸದೆ ಉಳಿದರೆ ಗರಡಿ ಅವನದು, ಪೋರ್ಷನ್ ಕಟ್ಟಿಕೊಳ್ಳಲಿ. ಬೆನ್ನು ತಾಗಿ ಚಿತ್ ಆದರೆ, ಸೋತೆ ಅಂದರೆ, ಇಲ್ಲವೇ ಮಟ್ಟಿ ಬಿಟ್ಟರೆ ಗರಡಿ ಗರಡಿಯಾಗೇ ಉಳಿಯುತ್ತದೆ. ಅದೇ ದಿನ ನಾನು ಸಿರಾ ಬಸ್ಸು ಹತ್ತಬೇಕು.

"ಇದ್ಯಾವ ನ್ಯಾಯ? ನನ್ನ ಬದುಕಿಗೆ ಅವನ್ಯಾಕೆ ಏಟು ತಿನ್ಬೇಕು?" ಎಂದು ರೇಗಾಡಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ತಮ್ಮ ನನ್ನ ಕೈ ಅದುಮಿ, "ನೀನು ಸುಮ್ಕಿರಕ್ಕ, ಊದಿನಕಡ್ಡಿ ಎಷ್ಟು ಹೊತ್ತು ಉರೀತದೆ ಬುಡು," ಎಂದು ನಕ್ಕ.

ಅವತ್ತು ಬೆಳಿಗ್ಗೆ ಉಳಿದ ಶಿಷ್ಯರೆಲ್ಲ ಕುಣಿಯ ಸುತ್ತ ಕೂತರು. ನಾನು ಅಡುಗೆಮನೆಯ ಕಿಂಡಿಗೆ ಮುಖ ಒತ್ತಿಕೊಂಡು ನಿಂತೆ. ತಮ್ಮ ಲಂಗೋಟಿ ಕಟ್ಟಿಕೊಂಡು ಇಳಿದಾಗ ಪಕ್ಕೆಲುಬುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಮೊದಲು ಸ್ವಲ್ಪ ಹೊತ್ತು ಅವನು ಬರಿದೆ ಜಾರಿಕೊಂಡೇ ಕಾಲ ಕಳೆದ. ಚಿಕ್ಕಂದಿನಲ್ಲಿ ತಿಂದ ಏಟೆಲ್ಲ ಅವನ ಮೈಗೆ ನೆನಪಿತ್ತು. ಶಿಷ್ಯ ಹಿಡಿಯಲು ಬಂದರೆ ಇವನು ಎಣ್ಣೆ ಹಚ್ಚಿದ ಮೀನಿನ ಹಾಗೆ ನುಣುಚಿಕೊಳ್ಳುತ್ತಿದ್ದ. ನೋಡುತ್ತಿದ್ದವರಲ್ಲಿ ಯಾರೋ ನಕ್ಕರು. ಆ ನಗುವೇ ಕೆಟ್ಟದ್ದಾಯಿತು. ಶಿಷ್ಯನಿಗೆ ರೋಷ ನೆತ್ತಿಗೇರಿತು. ಮಂಡಿಯಿಂದ ತಮ್ಮನ ಹೊಟ್ಟೆಗೆ ಗುದ್ದಿ ಬಗ್ಗಿಸಿ, ಬೋರಲು ಕೆಡವಿ, ಬೆನ್ನ ಮೇಲೆ ಕೂತು, ಬಲಗೈಯನ್ನು ಹಿಂದಕ್ಕೆ ತಿರುಚಿದ. ಮಗುಚಿ ಹಾಕಲು ನೋಡಿದ. ತಮ್ಮ ಮಣ್ಣಿಗೆ ಎದೆ ಅಂಟಿಸಿಕೊಂಡು ಮಗುಚಲೇ ಇಲ್ಲ.

"ಸೋತೆ ಅನ್ಲಾ!"

ತಮ್ಮ ಅನ್ನಲಿಲ್ಲ.

"ಕೈ ಮುರೀತದೆ, ಅನ್ನು ಬೇಗ!"

ತಮ್ಮನ ಬಾಯಿ ತುಂಬ ಮಣ್ಣು. ಆ ಮಣ್ಣನ್ನೇ ಕಚ್ಚಿ ಹಿಡಿದುಕೊಂಡಿದ್ದ. ಒಂದು ಕಣ್ಣು ಮಾತ್ರ ನನ್ನ ಕಿಂಡಿಯ ಕಡೆಗಿತ್ತು. ಶಿಷ್ಯ ಇನ್ನಷ್ಟು ತಿರುಚಿದ. ಅಪ್ಪ ಊದಿನಕಡ್ಡಿ ನೋಡುತ್ತ ಕೂತಿದ್ದ, ಕಲ್ಲಿನ ಹಾಗೆ. ಲಟ್ ಎಂದು ಶಬ್ದ ಬಂತು. ಹಸಿ ಸೌದೆ ಮುರಿದಂತಲ್ಲ, ಒಣ ಸೌದೆ ಮುರಿದಂತೆ. ಆಗಲೂ ತಮ್ಮ ಸೋತೆ ಅನ್ನಲಿಲ್ಲ, ಆಗಲೂ ಶಿಷ್ಯ ಕೈ ಬಿಡಲಿಲ್ಲ.

ನಾನು ಹಿತ್ತಿಲು ಸುತ್ತಿ ಓಡಿದೆ. ಗಿಡ್ಡ ಬಾಗಿಲು ಹಣೆಗೆ ಬಡಿದು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಯಾರೋ ಸೀರೆಯ ಸೆರಗು ಹಿಡಿದು ಎಳೆದರು, ಸೆರಗು ಹರಿಯಿತು. ನಾನು ಮಟ್ಟಿಗೆ ಹಾರಿದೆ. ಶಿಷ್ಯನ ಜುಟ್ಟು ಎರಡು ಕೈಯಲ್ಲೂ ಹಿಡಿದು ಹಿಂದಕ್ಕೆ ಜಗ್ಗಿದೆ.

"ಬುಡೋ! ನಾನು ಸಿರಾಕ್ಕೋಯ್ತೀನಿ, ಇವತ್ತೇ ಹೋಯ್ತೀನಿ, ಬುಡೋ ಅವನ್ನ!"

ಅವನು ಹೊರಳಿ ನೋಡಿದ. ನನ್ನ ಮುಖವನ್ನಲ್ಲ, ಮಣ್ಣಿನಲ್ಲಿ ಹೂತಿದ್ದ ನನ್ನ ಪಾದಗಳನ್ನು. ಬೆಂಕಿ ತುಳಿದವನ ಹಾಗೆ ಚಂಗನೆ ನೆಗೆದು ಕುಣಿಯಾಚೆಗೆ ನಿಂತ. "ರಾಮ ರಾಮ, ಮೈಲಿಗೆ ಆಗೋಯ್ತು, ಮೈಲಿಗೆ ಆಗೋಯ್ತು," ಎಂದು ಕಾಲು ಕೊಡವಿಕೊಳ್ಳುತ್ತಿದ್ದ. ಕೂತಿದ್ದವರೂ ಎದ್ದು ಗೋಡೆಗೆ ಒತ್ತಿ ನಿಂತರು. ಮಟ್ಟಿಯಲ್ಲಿ ಉಳಿದವರು ನಾವಿಬ್ಬರೇ, ಅಕ್ಕ ತಮ್ಮ. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು.

ಅಪ್ಪ ಮಂಡಿ ಹಿಡಿದುಕೊಂಡು ಎದ್ದ. ಕುಣಿಯ ಅಂಚಿಗೆ ಬಂದು, ಬಗ್ಗಿ, ನನ್ನ ಕೆನ್ನೆಗೆ ಬಾರಿಸಿದ. ಹಲ್ಲು ನಾಲಿಗೆಯನ್ನು ಕಚ್ಚಿ ಬಾಯೆಲ್ಲ ಉಪ್ಪುಪ್ಪಾಯಿತು.

"ಇದು ಗರಡಿಗೆ ಕಾಲಿಟ್ಟಿದ್ದಕ್ಕೆ," ಎಂದ. ಆಮೇಲೆ ಶಿಷ್ಯನ ಕಡೆ ತಿರುಗಿದ. "ನೀನ್ಯಾಕ್ಲಾ ಈಚೆ ಬಂದೆ?"

"ಉಸ್ತಾದ್ರೇ, ಹೆಂಗಸು ಇಳಿದ್ಬುಟ್ಟಳಲ್ಲ!"

"ಇಳಿದ್ಲು. ಅವಳ ತಪ್ಪಿಗೆ ಅವಳಿಗೆ ಕೊಟ್ಟೆ. ನಾನು ನಿಲ್ಸು ಅಂದ್ನಾ? ಕಡ್ಡಿ ಮುಗೀತಾ? ಮಟ್ಟಿ ಬುಟ್ಟೋನು ಸೋತಂಗೆ. ಅವನು ಒಳಗವ್ನೆ, ನೀನು ಈಚೆಗಿದೀಯ."

ಅಪ್ಪ ತನ್ನ ಅಜ್ಜ ಕಟ್ಟಿದ ಗರಡಿಯನ್ನು ತನ್ನ ಬಾಯಿಂದಲೇ ಮುಗಿಸುತ್ತಿದ್ದ. ಸುಳ್ಳು ತೀರ್ಪು ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನಿಗೆ ಅದು ಬರುತ್ತಿರಲಿಲ್ಲ, ಅಷ್ಟೇ. ಶಿಷ್ಯ ಎರಡೂ ಕೈಯಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ, ಗೋಡೆಗೆ ತಲೆ ಜಜ್ಜಿಕೊಂಡ. ಅವನನ್ನು ನಾಲ್ಕು ಜನ ಹಿಡಿಯಬೇಕಾಯಿತು. ಮಾರನೆಯ ದಿನ ತಾನೇ ಗುದ್ದಲಿ ತಂದ. ಮಟ್ಟಿಯನ್ನು ಕೂಲಿಯವರು ಮುಟ್ಟಬಾರದೆಂದು ಒಬ್ಬನೇ ಅಗೆದು, ಗಾಡಿಗೆ ತುಂಬಿ, ಎಲ್ಲಿಗೋ ತೆಗೆದುಕೊಂಡು ಹೋದ. ಆಮೇಲೆ ನಮ್ಮ ಬೀದಿಗೆ ಬರಲಿಲ್ಲ.

ತಮ್ಮನ ಮೊಣಕೈ ಕೂಡಿಕೊಂಡದ್ದು ಸೊಟ್ಟಗೆ. ಕಟ್ಟು ಹಾಕಿಸಿದೆವು, ಎಣ್ಣೆ ಉಜ್ಜಿಸಿದೆವು, ತುಮಕೂರಿನ ಆಸ್ಪತ್ರೆಗೂ ಹೋದೆವು. ತುತ್ತು ಎತ್ತುವಷ್ಟು ಸರಿಹೋಯಿತು, ಗೆರೆ ಎಳೆಯುವಷ್ಟು ಆಗಲಿಲ್ಲ. ಪೆನ್ಸಿಲ್ ಹಿಡಿದರೆ ಬೆರಳು ನಡುಗುತ್ತಿತ್ತು. ಕಂಟ್ರಾಕ್ಟರು ಕೆಲಸದಿಂದ ಬಿಡಿಸಿದರು. ಹರಿದುಹಾಕಿದ್ದ ನಕ್ಷೆ ಅವನ ತಲೆಯಲ್ಲಿತ್ತು. ಅವನು ಬಾಯಲ್ಲಿ ಹೇಳುವುದು, ನಾನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯುವುದು, ಗಾರೆಯವರು ಅದರ ಮೇಲೆ ಕಟ್ಟುವುದು. ನನ್ನ ಗೆರೆ ಒಂದಿಷ್ಟು ಓರೆಯಾದರೂ ಕೂಗಾಡಿಬಿಡುತ್ತಿದ್ದ. ಒಮ್ಮೆ ಸಿಟ್ಟು ಬಂದು ಸುಣ್ಣದ ಬುಟ್ಟಿಯನ್ನೇ ಅವನ ತಲೆ ಮೇಲೆ ಕವುಚಿದೆ. ಬೆಳ್ಳಗೆ ದೆವ್ವದ ಹಾಗೆ ನಿಂತು, "ಈಗ ಅಳಿಸ್ಬುಟ್ಟು ಇನ್ನೊಂದ್ಸಲ ಎಳಿ," ಎಂದ. ಎಳೆದೆ. ಗೋಡೆಗೆ ಕಿಟಕಿ ತೆರೆಯಲು ಚಾಣ ಹಿಡಿದವರಿಗೆ ಎರಡು ಮೊಳದ ಗೋಡೆ ಕೈ ಕಿತ್ತುಬರುವಂತೆ ಮಾಡಿತು. ಕಿಟಕಿ ತೆರೆದ ದಿನ ಬೆಟ್ಟ ಅದರ ತುಂಬ ಬಂದು ನಿಂತಿತು. ತಮ್ಮ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿ ಅತ್ತ. ನಾನು ಹಿಂದೆ ಹೋಗಲಿಲ್ಲ.

ಅಪ್ಪ ಮಾತು ಬಿಟ್ಟಿದ್ದ. ಕೆಲಸ ನಡೆಯುವಷ್ಟು ಕಾಲವೂ ಆಂಜನೇಯನ ಗೋಡೆಗೆ ಒರಗಿ ಕೂತಿರುತ್ತಿದ್ದ. ನಾನು ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ.

ಮುಂದಿನ ಬೇಸಿಗೆ ರಜೆಗೆ ಜನ ಬಂದರು. ಮೊದಲ ಪೋರ್ಷನ್ನಿಗೆ ಬಂದವರು ಬೆಂಗಳೂರಿನ ಗಂಡ ಹೆಂಡತಿ ಮತ್ತು ಮಕ್ಕಳು. ಆ ಹೆಂಗಸು ತಲೆ ಬಗ್ಗಿಸಿ ಒಳಗೆ ಬಂದು, ಅಂಗಳದ ಬೆಳಕಿನಲ್ಲಿ ನಿಂತು, "ಎಷ್ಟು ತಣ್ಣಗಿದೆಯಲ್ರೀ! ಇದು ಮೊದಲು ಏನಾಗಿತ್ತು?" ಎಂದು ಕೇಳಿದಳು. "ಗಂಡಸ್ರು ಬಡಿದಾಡೋ ಜಾಗ," ಎಂದೆ. ತಮಾಷೆ ಎಂದುಕೊಂಡು ನಕ್ಕಳು.

ಅವರು ಇದ್ದಾಗಲೇ ನನ್ನ ಗಂಡ ಬಂದ. ಹೆಂಡತಿ ಮಧುಗಿರಿಯಲ್ಲಿ ಪರಸ್ಥಳದವರಿಗೆ ಮನೆ ಕೊಟ್ಟುಕೊಂಡು ಬದುಕುತ್ತಿದ್ದಾಳೆ ಎಂಬ ಸುದ್ದಿ ಸಿರಾದ ಶೆಡ್ಡಿಗೂ ಮುಟ್ಟಿತ್ತು. ತಮ್ಮ ಸಂತೆಗೆ ಹೋಗಿದ್ದ. ನಾನು ಅಂಗಳದಲ್ಲಿ ಕುಳಿತು ರಾಗಿ ಕೇರುತ್ತಿದ್ದೆ. ಅಪ್ಪ ಅವನ ಜಾಗದಲ್ಲೇ ಕೂತಿದ್ದ.

"ನಡಿಯೇ. ದಂಧೆ ಶುರು ಮಾಡ್ಕಂಡಿದೀಯಾ ಇಲ್ಲಿ?"

"ಬಾಯಿ ಬಿಗಿ ಹಿಡಿದು ಮಾತಾಡು," ಎಂದು ಎದ್ದೆ. ಮಾತು ಮುಗಿಯುವಷ್ಟರಲ್ಲಿ ಮೊರ ಹಾರಿ ಗೋಡೆಗೆ ಬಡಿಯಿತು. ಎರಡನೆಯ ಏಟು ನನ್ನ ಮುಖಕ್ಕೆ. ಜಡೆ ಕೈಗೆ ಸುತ್ತಿಕೊಂಡು ಬಾಗಿಲ ಕಡೆಗೆ ಎಳೆಯತೊಡಗಿದ. ಬೆಂಗಳೂರಿನ ಹೆಂಗಸು ಚೀರಿ ಮಕ್ಕಳನ್ನು ಒಳಗೆ ದೂಡಿ ಬಾಗಿಲು ಹಾಕಿಕೊಂಡಳು. ಅವಳ ಗಂಡ "ರೀ ಮಿಸ್ಟರ್, ರೀ ಮಿಸ್ಟರ್" ಎನ್ನುತ್ತ ಒಂದೇ ಕಡೆ ನಿಂತಿದ್ದ. ನಾನು ಉಗುರಿನಿಂದ ಗೀರಿದೆ, ಕಚ್ಚಿದೆ. ಅವನ ಅಂಗೈ ಮಾಂಸ ನನ್ನ ಹಲ್ಲಿಗೆ ಬಂತು. ಅವನು ಬಿಡಲಿಲ್ಲ.

"ಅಪ್ಪಾ!" ಎಂದು ಕೂಗಿದೆ.

ಅಪ್ಪ ಏಳಲಿಲ್ಲ. ಏಳುವುದಿಲ್ಲವೆಂದು ಗೊತ್ತೇ ಇತ್ತು. ಅವನೇ ಅಲ್ಲವೇ ನನ್ನನ್ನು ಪ್ರತಿ ಸಲವೂ ಬಸ್ಸು ಹತ್ತಿಸಿದವನು. ನನಗೆ ಗಂಡನ ಮೇಲಿನ ಸಿಟ್ಟಿಗಿಂತ ಆ ಮುದುಕನ ಮೇಲೆ ಸಿಟ್ಟು ಉಕ್ಕಿ ಬಂತು. ಸಾಯಲಿ ಅತ್ಲಾಗೆ, ಇಬ್ಬರೂ ಸಾಯಲಿ ಎಂದುಕೊಂಡೆ.

ಆಗ ಆ ಗೋಡೆಯ ಕಡೆಯಿಂದ ದನಿ ಬಂತು. ವರ್ಷದ ಮೇಲೆ ಅಪ್ಪ ನನ್ನೊಡನೆ ಆಡಿದ ಮೊದಲ ಮಾತು. ಸಿಟ್ಟಿಲ್ಲ, ಅವಸರವಿಲ್ಲ. ಶಿಷ್ಯರಿಗೆ ಹೇಳುತ್ತಿದ್ದ ಅದೇ ದನಿ.

"ಹಿಂದಕ್ಕೆ ಜಗ್ಗಬ್ಯಾಡ ಕಣಮ್ಮ. ಅವನು ಎಳೆದ ಕಡೆಗೇ ಹೋಗು. ಒಳಗೆ ನುಗ್ಗು."

ಯೋಚಿಸಲು ಹೊತ್ತಿರಲಿಲ್ಲ. ಎಳೆದ ಕಡೆಗೇ ನುಗ್ಗಿದೆ. ನನ್ನ ತಲೆ ಅವನ ಎದೆಗೆ ಗುದ್ದಿತು, ಅವನು ಒಂದು ಹೆಜ್ಜೆ ಹಿಂದೆ ಸರಿದ.

"ತೊಡೆ ಹಿಡಿ. ಬಲದ ತೊಡೆ. ಎರಡು ಕೈ ಹಾಕು."

ಹಾಕಿದೆ.

"ಇನ್ನ ಹೆಗಲಿಂದ ಒತ್ತು. ಎತ್ತು. ಬುಡ್ಬ್ಯಾಡ, ಬುಡ್ಬ್ಯಾಡ, ಎತ್ತು!"

ಅವನ ಪಾದ ನೆಲ ಬಿಟ್ಟದ್ದು ಗೊತ್ತಾಯಿತು. ಇಬ್ಬರೂ ಒಟ್ಟಿಗೇ ಬಿದ್ದೆವು, ಅವನು ಕೆಳಗೆ. ಹಾಸಿದ ಕಲ್ಲಿಗೆ ಬೆನ್ನು ಬಡಿದು ಅವನ ಬಾಯಿಂದ ಉಸಿರೆಲ್ಲ ಹೊರಗೆ ಬಂತು. ಜಡೆ ಸಡಿಲವಾಯಿತು. ನಾನು ಎದೆ ಮೇಲೆ ಕೂತು ಎರಡು ಮೊಣಕೈಯನ್ನೂ ಅವನ ಭುಜಕ್ಕೆ ಊರಿ ಒತ್ತಿದೆ. ಮೂಗಿನಿಂದ ಸುರಿಯುತ್ತಿದ್ದ ನನ್ನ ರಕ್ತ ಅವನ ಮುಖದ ಮೇಲೆ ಬೀಳುತ್ತಿತ್ತು.

ಅಪ್ಪ ಗೋಡೆ ಹಿಡಿದುಕೊಂಡು ಎದ್ದು, ಕುಂಟುತ್ತ ಬಂದು, ಬಗ್ಗಿ, ಅವನ ಎರಡೂ ಭುಜ ನೆಲಕ್ಕೆ ತಾಗಿವೆಯೇ ಎಂದು ನೋಡಿದ. ಕೈ ಹಾಕಿ ಮುಟ್ಟಿಯೂ ನೋಡಿದ.

"ಚಿತ್ ಆಯ್ತು," ಎಂದ. "ಎದ್ದೋಗಿ ಸಿರಾ ಬಸ್ಸು ಹತ್ತಪ್ಪ. ನನ್ನ ಮಗಳು ಗೆದ್ದವ್ಳೆ."